ಮೂರು ದಿನದ ರಜೆ, ಒಂದೇ ಬೆಟ್ಟ: ಕುದುರೆಮುಖ ಹತ್ತಲು ಹೊರಡುವವರಿಗೆ

ಶುಕ್ರವಾರ ರಾತ್ರಿ ಹೊರಟು ಸೋಮವಾರ ಬೆಳಿಗ್ಗೆ ಮನೆ ಸೇರುವಷ್ಟರಲ್ಲಿ ಎರಡು ಜಲಪಾತ, ಮೂರು ದೇವಸ್ಥಾನ, ಒಂದು ಅಣೆಕಟ್ಟು ನೋಡಿ ಮುಗಿಸುವ ಪ್ರವಾಸಗಳನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಆ ಪ್ರವಾಸಗಳಲ್ಲಿ ಏನೇನು ನೋಡಿದೆವು ಎಂದು ಈಗ ಕೇಳಿದರೆ ವಾಹನದ ಕಿಟಕಿ ಬಿಟ್ಟು ಬೇರೇನೂ ಸರಿಯಾಗಿ ನೆನಪಾಗುವುದಿಲ್ಲ. ಮೈಗೆ ಕೆಲಸ ಕೊಟ್ಟ ರಜೆಗಳು ಮಾತ್ರ ಹಾಗೆ ಅಳಿಸಿಹೋಗಿಲ್ಲ. ಆದ್ದರಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ: ಮೂರು ದಿನ ಇದ್ದರೆ ಒಂದೇ ಬೆಟ್ಟ ಆರಿಸಿಕೊಳ್ಳಿ. ಹೋಗಲು ಒಂದು ದಿನ, ಹತ್ತಿ ಇಳಿಯಲು ಒಂದು ದಿನ, ಕಾಲು ಚಾಚಿ ಕುಳಿತು ಊರು ನೋಡಿ ಮರಳಲು ಒಂದು ದಿನ.

ಇಲ್ಲಿ ಉದಾಹರಣೆಗೆ ಕುದುರೆಮುಖವನ್ನು ತೆಗೆದುಕೊಂಡಿದ್ದೇನೆ. ನಾನು ಹೆಚ್ಚು ಸಲ ನಡೆದಿರುವ ಬೆಟ್ಟ ಅದು. 1,894 ಮೀಟರ್ ಎತ್ತರ. ಹಗ್ಗ ಹಿಡಿದು ಏರುವ ಬಂಡೆಗಳಿಲ್ಲ, ಆದರೆ ದಾರಿ ಉದ್ದ. ಚಾರಣ ಶುರುವಾಗುವ ಮುಳ್ಳೋಡಿ ಎಂಬ ಹಳ್ಳಿಯಿಂದ ಹೋಗಿ ಬರಲು 18ರಿಂದ 20 ಕಿಲೋಮೀಟರ್ ಆಗುತ್ತದೆ. ಆರೋಗ್ಯವಾಗಿರುವ ಸಾಮಾನ್ಯ ಮನುಷ್ಯ ಸಿದ್ಧತೆ ಮಾಡಿಕೊಂಡರೆ ಖಂಡಿತ ಮುಗಿಸಬಹುದು. ಸಿದ್ಧತೆ ಇಲ್ಲದೆ ಹೋದವರು ಮೇಲೇನೋ ತಲುಪುತ್ತಾರೆ, ಇಳಿಯುವಾಗ ಅಳುತ್ತಾರೆ. ಮೊದಲ ಸಲ ನಾನೂ ಹಾಗೆಯೇ ಇಳಿದವನು.

ಯಾವ ಮಳೆಯಲ್ಲಿ ಹೋಗಬೇಕು

ಮಲೆನಾಡಿನಲ್ಲಿ ತಿಂಗಳಿಗಿಂತ ಮಳೆ ನಕ್ಷತ್ರದ ಲೆಕ್ಕವೇ ಸರಿ. ಆರಿದ್ರಾದಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ, ಮಳೆ ಹಿಡಿದರೆ ಬಿಡುವುದಿಲ್ಲ. ಬೆಟ್ಟ ಹಸಿರಾಗಿರುತ್ತದೆ ನಿಜ, ಆದರೆ ಹಳ್ಳಗಳು ಉಕ್ಕುತ್ತವೆ, ಮಂಜಿನಲ್ಲಿ ಹತ್ತು ಹೆಜ್ಜೆ ಮುಂದಿನವರು ಕಾಣುವುದಿಲ್ಲ. ಮೊದಲ ಸಲ ಹೋಗುವವರಿಗೆ ಇದು ಕಾಲವಲ್ಲ. ಹಸ್ತಾ ಮಳೆ ಕಳೆದು ಚಿತ್ತಾ, ಸ್ವಾತಿ ನಡೆಯುವ ಅಕ್ಟೋಬರ್ ಮಧ್ಯದಿಂದ ಡಿಸೆಂಬರ್ ಕೊನೆಯವರೆಗೆ ನಾನು ಮೆಚ್ಚುವ ಕಾಲ. ಹುಲ್ಲು ಇನ್ನೂ ಹಸಿರಾಗಿರುತ್ತದೆ, ತೊರೆಗಳಲ್ಲಿ ನೀರಿರುತ್ತದೆ, ಬೆಳಗಿನ ಆಕಾಶ ತೊಳೆದಿಟ್ಟಂತೆ ಇರುತ್ತದೆ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಬರುವುದುಂಟು, ಅದರ ಮಾತು ಮುಂದೆ ಹೇಳುತ್ತೇನೆ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುವುದರಿಂದ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚುತ್ತದೆ. ಮಳೆ ಜೋರಾದಾಗಲೂ ಮುಚ್ಚುವುದುಂಟು. ರಜೆ ಹಾಕುವ ಮೊದಲು ದಾರಿ ತೆರೆದಿದೆಯೇ ಎಂದು ವಿಚಾರಿಸಿಕೊಳ್ಳಿ.

ಅನುಮತಿ ಮೊದಲು, ಬಸ್ಸಿನ ಟಿಕೆಟ್ ಆಮೇಲೆ

ಕುದುರೆಮುಖ ರಾಷ್ಟ್ರೀಯ ಉದ್ಯಾನ. 1987ರಲ್ಲಿ ಘೋಷಣೆಯಾದದ್ದು. ಸಿಂಗಳೀಕಗಳು ಉಳಿದಿರುವ ಕೆಲವೇ ಕಾಡುಗಳಲ್ಲಿ ಇದೂ ಒಂದು. ಅನುಮತಿ ಇಲ್ಲದೆ ಒಳಗೆ ಕಾಲಿಡುವಂತಿಲ್ಲ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ಬುಡದಲ್ಲಿ ಸಾವಿರಾರು ಜನ ಒಂದೇ ಸಲ ಸೇರಿದ ಚಿತ್ರಗಳನ್ನು ನೀವು ನೋಡಿರಬಹುದು. ಅದಾದ ಮೇಲೆ ಸರ್ಕಾರ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು, ಒಂದು ದಾರಿಗೆ ದಿನಕ್ಕೆ 300 ಜನ ಎಂಬ ಮಿತಿಯನ್ನೂ ತಂದಿತು. ಈ ಮಿತಿ ನನಗೆ ತುಂಬ ಸಮಾಧಾನ ಕೊಟ್ಟ ಸಂಗತಿ. ಸೀಳು ಹಾದಿಯಲ್ಲಿ ಸಾವಿರ ಜನ ನಡೆದರೆ ಹುಲ್ಲಿನ ಬೇರು ಕಿತ್ತು, ಮುಂದಿನ ಮಳೆಗೆ ಆ ಹಾದಿ ಕೊರಕಲಾಗುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಹೆಸರು, ಗುರುತಿನ ಚೀಟಿಯ ವಿವರ ಕೊಟ್ಟು ಕಾಯ್ದಿರಿಸಬೇಕು. ಶನಿವಾರ ಭಾನುವಾರದ ಜಾಗ ಬೇಗ ತುಂಬುತ್ತದೆ. ಶುಕ್ರವಾರ ಅಥವಾ ಸೋಮವಾರ ನಡೆಯುವಂತೆ ರಜೆ ಹೊಂದಿಸಿಕೊಂಡರೆ ಅನುಮತಿಯೂ ಸುಲಭ, ದಾರಿಯೂ ಶಾಂತ. ಬುಕಿಂಗಿಗೆ ಬಳಸಿದ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಜೊತೆಗೆ ಒಯ್ಯಿರಿ, ಅನುಮತಿಯನ್ನು ಕಾಗದದಲ್ಲಿ ಮುದ್ರಿಸಿಕೊಳ್ಳಿ. ಚೆಕ್‌ಪೋಸ್ಟಿನ ಹತ್ತಿರ ಮೊಬೈಲ್ ಸಿಗ್ನಲ್ ನಂಬಿಕೊಳ್ಳುವ ಹಾಗಿಲ್ಲ.

ಅನುಮತಿ ಕೈಗೆ ಬಂದ ಮೇಲೆ ತಂಗುವ ಮನೆ, ಜೀಪು, ಮಾರ್ಗದರ್ಶಕರು. ಮುಳ್ಳೋಡಿ ಮತ್ತು ಸಂಸೆಯ ಸುತ್ತಮುತ್ತ ರೈತರ ಮನೆಗಳಲ್ಲೇ ಹೋಂಸ್ಟೇ ಇವೆ. ಫೋನು ಮಾಡಿದಾಗ ಮೂರು ವಿಷಯ ಕೇಳಿಕೊಳ್ಳಿ: ಮುಳ್ಳೋಡಿಗೆ ಹೋಗುವ ಜೀಪಿನ ಬಾಡಿಗೆ ಇದರಲ್ಲಿ ಸೇರಿದೆಯೇ, ಬೆಳಿಗ್ಗೆ ಆರಕ್ಕೆ ತಿಂಡಿ ಸಿಗುತ್ತದೆಯೇ, ಮಧ್ಯಾಹ್ನದ ಬುತ್ತಿ ಕಟ್ಟಿಕೊಡುತ್ತಾರೆಯೇ. ಎಂಟು ಗಂಟೆಗೆ ತಿಂಡಿ ಎನ್ನುವ ಕಡೆ ಉಳಿಯಬೇಡಿ. ಕಾರಣ ಮುಂದೆ ಗೊತ್ತಾಗುತ್ತದೆ.

ಆರು ವಾರಗಳ ಅಭ್ಯಾಸ

ಜಿಮ್ ಬೇಡ. ಮೆಟ್ಟಿಲು ಸಾಕು. ವಾರದಲ್ಲಿ ನಾಲ್ಕು ದಿನ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ, ಎರಡು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಮೊದಲ ವಾರ ಹತ್ತು ಮಹಡಿ, ಆರನೆಯ ವಾರಕ್ಕೆ ನಲವತ್ತು. ಹತ್ತುವುದಕ್ಕೆ ಎಲ್ಲರೂ ಅಭ್ಯಾಸ ಮಾಡುತ್ತಾರೆ, ಇಳಿಯುವಾಗ ಲಿಫ್ಟ್ ಹಿಡಿಯುತ್ತಾರೆ. ತಪ್ಪು ಅಲ್ಲಿಯೇ. ಹತ್ತುವಾಗ ದಣಿಯುವುದು ಉಸಿರು. ಇಳಿಯುವಾಗ ಪೆಟ್ಟು ಬೀಳುವುದು ತೊಡೆಗೆ, ಮಂಡಿಗೆ. ಇಳಿಯುವ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಮೈಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿಗೆ ಈ ಕೆಲಸ ತುಂಬ ಕಷ್ಟ. ನೋವು ಅಂದೇ ಬರುವುದಿಲ್ಲ, ಒಂದು ದಿನ ಬಿಟ್ಟು ಬರುತ್ತದೆ. ಆದ್ದರಿಂದ ಮೆಟ್ಟಿಲನ್ನು ನಿಧಾನವಾಗಿ, ಮಂಡಿ ಸ್ವಲ್ಪ ಬಗ್ಗಿಸಿ, ಸದ್ದಾಗದಂತೆ ಇಳಿಯುವುದನ್ನು ರೂಢಿಸಿಕೊಳ್ಳಿ. ಕೊನೆಯ ಎರಡು ವಾರ ಐದು ಕಿಲೋ ತೂಕದ ಚೀಲ ಬೆನ್ನಿಗೆ ಹಾಕಿಕೊಂಡು, ಬೆಟ್ಟಕ್ಕೆ ಹಾಕುವ ಶೂಗಳಲ್ಲೇ ಮಾಡಿ. ಹೊಸ ಶೂ ಹಾಕಿಕೊಂಡು ಬೆಟ್ಟಕ್ಕೆ ಬಂದವರ ಹಿಮ್ಮಡಿಯನ್ನು ನಾನು ಪ್ರತಿ ಸಲ ನೋಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಗುಳ್ಳೆ ಎದ್ದು ಒಡೆದಿರುತ್ತದೆ.

ಹಳೆಯ ಶೂಗೂ ಒಂದು ಪರೀಕ್ಷೆ ಬೇಕು. ವರ್ಷಗಟ್ಟಲೆ ಅಟ್ಟದಲ್ಲಿದ್ದ ಶೂಗಳ ತಳ ಅಂಟು ಒಣಗಿ ಕಿತ್ತುಬರುತ್ತದೆ. ನನ್ನ ಭಾವನವರ ಶೂ ಹೀಗೆಯೇ ಅರ್ಧ ದಾರಿಯಲ್ಲಿ ಬಾಯಿ ಬಿಟ್ಟಿತು. ಪಂಚೆಯ ಅಂಚು ಹರಿದು ಕಟ್ಟಿಕೊಂಡು ಇಳಿದರು. ಮುಂಗಾಲಿನ ಹತ್ತಿರ ತಳವನ್ನು ಬೆರಳಿನಿಂದ ಜಗ್ಗಿ ನೋಡಿ. ಬಿರುಕು ಕಂಡರೆ ಚಮ್ಮಾರರ ಹತ್ತಿರ ಸುತ್ತ ಹೊಲಿಸಿಕೊಳ್ಳಿ.

ಮಂಡಿನೋವು, ಹೃದಯದ ತೊಂದರೆ, ಉಬ್ಬಸ ಇರುವವರು ವೈದ್ಯರನ್ನು ಕೇಳದೆ ಹೊರಡಬಾರದು.

ಚೀಲದಲ್ಲಿ ಏನಿರಬೇಕು

ನೀರು ತಲೆಗೆ ಎರಡು ಲೀಟರ್. ಸ್ಟೀಲ್ ಬಾಟಲಿ ಅಥವಾ ಮತ್ತೆ ತುಂಬಿಸಿಕೊಳ್ಳುವ ಗಟ್ಟಿ ಬಾಟಲಿ. ಕುಡಿದು ಬಿಸಾಡುವ ಬಾಟಲಿ ಕಾಡಿಗೆ ಬೇಡವೇ ಬೇಡ. ಮಧ್ಯಾಹ್ನಕ್ಕೆ ಚಿತ್ರಾನ್ನ ಅಥವಾ ಪುಳಿಯೋಗರೆ, ಜೊತೆಗೆ ನಡೆಯುತ್ತಲೇ ತಿನ್ನಲು ಕಡಲೆಬೀಜ ಬೆಲ್ಲ, ಒಣದ್ರಾಕ್ಷಿ, ಕೊಬ್ಬರಿ ಚೂರು. ನಾನು ಒಂದು ಸಣ್ಣ ಡಬ್ಬಿಯಲ್ಲಿ ಉಪ್ಪು ಹಚ್ಚಿದ ನೆಲ್ಲಿಕಾಯಿ ಒಯ್ಯುತ್ತೇನೆ. ಬೆವರಿ ಬಾಯಿ ಒಣಗಿದಾಗ ಅದೊಂದು ತುಂಡು ಬಾಯಿಗೆ ಹಾಕಿಕೊಂಡು ನೀರು ಕುಡಿದರೆ ಆಗುವ ಹಿತ ಯಾವ ಬಣ್ಣದ ಪಾನೀಯದಲ್ಲೂ ಇಲ್ಲ. ಓಆರ್‌ಎಸ್ ಪೊಟ್ಟಣ ಎರಡು ಇರಲಿ.

ಬಟ್ಟೆ ಬೇಗ ಒಣಗುವಂಥದ್ದಾಗಿರಲಿ. ಜೀನ್ಸ್ ನೆನೆದರೆ ಕಾಲಿಗೆ ಕಲ್ಲು ಕಟ್ಟಿಕೊಂಡಂತೆ. ಒದ್ದೆಯಾದ ಹತ್ತಿ ಬನಿಯನ್ ಮೈಯ ಕಾವನ್ನು ಎಳೆದುಕೊಳ್ಳುತ್ತದೆ. ಸಾವಿರ ಮೀಟರ್ ಮೇಲೆ ಹೋದರೆ ಆರೂವರೆ ಡಿಗ್ರಿಯಷ್ಟು ತಂಪು ಹೆಚ್ಚು, ಅದಕ್ಕೆ ಗಾಳಿ ಸೇರಿದರೆ ನವೆಂಬರಿನಲ್ಲೂ ಹಲ್ಲು ಕಟಕಟ ಎನ್ನುತ್ತವೆ. ಮಳೆ ಅಂಗಿ, ಒಂದು ತೆಳು ಉಣ್ಣೆಯ ಅಂಗಿ, ಒಣ ಕಾಲುಚೀಲ ಒಂದು ಜೊತೆ, ತಲೆಗೆ ಕಟ್ಟುವ ಟಾರ್ಚ್, ಶಿಳ್ಳೆ, ಗುಳ್ಳೆ ಏಳುವ ಜಾಗಕ್ಕೆ ಮೊದಲೇ ಅಂಟಿಸುವ ಟೇಪು, ನಿಮ್ಮ ನಿತ್ಯದ ಔಷಧಿ. ಎಲ್ಲವನ್ನೂ ಮೊದಲು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆಮೇಲೆ ಬೆನ್ನ ಚೀಲದಲ್ಲಿಡಿ. ಚೀಲದ ಹೊರಗೆ ಹಾಕುವ ಹೊದಿಕೆ ಮಲೆನಾಡಿನ ಮಳೆಯನ್ನು ತಡೆಯುವುದಿಲ್ಲ. ಇಳಿಯುವಾಗ ಮಂಡಿಯ ಭಾರ ಹಂಚಿಕೊಳ್ಳಲು ಒಂದು ಕೋಲು ಇರಲಿ. ಕೊಂಡು ತಂದದ್ದಾದರೂ ಸರಿ, ಹೋಂಸ್ಟೇಯವರು ಕೊಡುವ ಬಿದಿರಿನದ್ದಾದರೂ ಸರಿ. ದಾರಿಯಲ್ಲಿ ಗಿಡ ಮುರಿಯಬೇಡಿ.

ಇಂಬಳದ ಜೊತೆ ಬಾಳುವುದು

ಈ ಬೆಟ್ಟಕ್ಕೆ ಬರಲು ಹಲವರು ಹಿಂಜರಿಯುವುದು ಜಿಗಣೆಗೆ. ಮಲೆನಾಡಿಗರು ಇಂಬಳ ಎನ್ನುತ್ತಾರೆ, ಉಂಬಳ ಎನ್ನುವವರೂ ಇದ್ದಾರೆ. ಒಮ್ಮೆ ಕುಳಿತು ನೋಡಿ. ತರಗೆಲೆಯ ತುದಿಯಲ್ಲಿ ಕಪ್ಪು ದಾರದ ತುಂಡಿನಂತೆ ನೆಟ್ಟಗೆ ನಿಂತಿರುತ್ತದೆ. ನೀವು ಉಸಿರು ಬಿಟ್ಟರೆ ಸಾಕು, ಅದು ತಲೆಯನ್ನು ಗಾಳಿಯಲ್ಲಿ ಆಡಿಸತೊಡಗುತ್ತದೆ. ಉಸಿರಿನ ವಾಸನೆ, ಮೈಯ ಕಾವು, ಹೆಜ್ಜೆಯ ಅದುರು, ಇವೇ ಅದಕ್ಕೆ ದಾರಿ ತೋರಿಸುವುದು. ಆಮೇಲೆ ಗೇಣು ಹಾಕುತ್ತಾ ಬಂದು ಶೂ ಹತ್ತುತ್ತದೆ. ಕಚ್ಚಿದ್ದು ಗೊತ್ತಾಗುವುದೇ ಇಲ್ಲ. ಅದರ ಜೊಲ್ಲಿನಲ್ಲಿರುವ ವಸ್ತು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ. ಅದಕ್ಕೇ ಇಂಬಳ ಬಿಟ್ಟುಹೋದ ಮೇಲೂ ರಕ್ತ ಬಹಳ ಹೊತ್ತು ಜಿನುಗುತ್ತದೆ. ನೋಡಲು ಭಯವಾಗುತ್ತದೆ, ಆದರೆ ಕಳೆದುಕೊಂಡ ರಕ್ತ ಬಹಳ ಕಡಿಮೆ.

ಮಾಡಬೇಕಾದದ್ದು ಇಷ್ಟು. ಪ್ಯಾಂಟನ್ನು ಕಾಲುಚೀಲದ ಒಳಗೆ ಸೇರಿಸಿ. ಮಂಡಿಯವರೆಗೆ ಬರುವ, ಒತ್ತಾಗಿ ನೇಯ್ದ ಇಂಬಳದ ಕಾಲುಚೀಲ ಸಿಕ್ಕರೆ ಇನ್ನೂ ಒಳ್ಳೆಯದು. ಬೇವಿನೆಣ್ಣೆ ಅಥವಾ ನೀಲಗಿರಿ ಎಣ್ಣೆಯನ್ನು ಶೂಗಳಿಗೆ, ಕಾಲುಚೀಲದ ಅಂಚಿಗೆ ಹಚ್ಚಿ. ತೊರೆ ದಾಟಿದ ಮೇಲೆ ತೊಳೆದುಹೋಗಿರುತ್ತದೆ, ಮತ್ತೆ ಹಚ್ಚಿ. ಊರಿನವರು ಹೊಗೆಸೊಪ್ಪಿನ ನೀರು, ಸುಣ್ಣ ಬಳಸುತ್ತಾರೆ. ಕಚ್ಚಿದ್ದು ಕಂಡರೆ ಹಿಡಿದು ಜಗ್ಗಬೇಡಿ. ಸಣ್ಣ ತುದಿ ಬಾಯಿ, ದಪ್ಪ ತುದಿ ಅದು ಅಂಟಿಕೊಂಡಿರುವ ಹಿಂಭಾಗ. ಚರ್ಮಕ್ಕೆ ತಾಗುವಂತೆ ಉಗುರನ್ನು ಸಣ್ಣ ತುದಿಯ ಕೆಳಗೆ ಪಕ್ಕದಿಂದ ಸರಿಸಿ, ಬಾಯಿ ಬಿಟ್ಟ ಕೂಡಲೇ ಇನ್ನೊಂದು ತುದಿಗೂ ಹಾಗೆಯೇ ಮಾಡಿ ಚಿಮ್ಮಿಬಿಡಿ. ಉಪ್ಪು ಹಾಕಿದರೂ ಬಿಡುತ್ತದೆ, ಆದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕಬಹುದು. ಬೆಂಕಿಕಡ್ಡಿ ಗೀರುವುದಂತೂ ಬೇಡ, ಸುಡುವುದು ನಿಮ್ಮದೇ ಚರ್ಮ. ಗಾಯವನ್ನು ನೀರಿನಲ್ಲಿ ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ. ನೆರಳಿನ ಕಾಡಿನಲ್ಲಿ ನಿಲ್ಲದೆ ನಡೆಯಿರಿ, ವಿಶ್ರಾಂತಿಗೆ ಬಿಸಿಲು ಬೀಳುವ ಬಂಡೆ ಆರಿಸಿಕೊಳ್ಳಿ. ನನ್ನ ಅಕ್ಕನ ಮಗಳು ಮೊದಲ ಇಂಬಳಕ್ಕೆ ಕಿರುಚಿದವಳು, ಮಧ್ಯಾಹ್ನದ ಹೊತ್ತಿಗೆ ನನ್ನ ಕುತ್ತಿಗೆಯ ಮೇಲಿದ್ದದ್ದನ್ನು ತಾನೇ ತೆಗೆದಳು.

ಮೊದಲ ದಿನ: ಊರು ಸೇರುವುದು

ಬೆಂಗಳೂರಿನಿಂದ ಕಳಸಕ್ಕೆ ರಾತ್ರಿ ಬಸ್ಸುಗಳಿವೆ. ಸ್ವಂತ ವಾಹನದಲ್ಲಿ ಬರುವವರು ಹಾಸನ, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಬರಬಹುದು. ಕೊಟ್ಟಿಗೆಹಾರದಲ್ಲಿ ನೀರು ದೋಸೆ ತಿನ್ನದೆ ಮುಂದೆ ಹೋಗಬೇಡಿ. ಮಂಗಳೂರಿನ ಕಡೆಯವರಿಗೆ ಕಾರ್ಕಳ, ಬಜಗೋಳಿ ದಾಟಿ ಉದ್ಯಾನದ ಒಳಗಿನ ರಸ್ತೆಯಲ್ಲಿ ಕುದುರೆಮುಖ ಪಟ್ಟಣಕ್ಕೆ ಬಂದು ಸಂಸೆಯ ಕಡೆ ಬರುವ ದಾರಿ ಇದೆ. ಆ ಪಟ್ಟಣದ ಖಾಲಿ ಮನೆಗಳನ್ನು ನೋಡಿದಾಗ ನಿಮಗೆ ಪ್ರಶ್ನೆ ಬರುತ್ತದೆ. ಕುದುರೆಮುಖ ಕಬ್ಬಿಣದ ಅದಿರು ಕಂಪನಿಗಾಗಿ ಕಟ್ಟಿದ ಊರು ಅದು. ಕಂಪನಿ ಶುರುವಾದದ್ದು 1976ರಲ್ಲಿ. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಇದೇ ಬೆಟ್ಟಸಾಲಿನ ಗಂಗಾಮೂಲದಲ್ಲಿ. ನಾಳೆ ನೀವು ಕಾಲಿಡುವ ಹುಲ್ಲುಗಾವಲು ಮತ್ತು ಅದರ ಮಡಿಕೆಗಳಲ್ಲಿ ಅಡಗಿರುವ ಶೋಲಾ ಕಾಡು ಮಳೆನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೂ ಈ ನದಿಗಳಿಗೆ ಬಿಡುತ್ತಿವೆ ಎಂಬುದು ತಿಳಿದಿದ್ದರೆ ನಡಿಗೆಯ ರೀತಿಯೇ ಬೇರೆಯಾಗುತ್ತದೆ.

ಸಂಸೆಯ ಕಡೆಯಿಂದ ಮುಳ್ಳೋಡಿಗೆ ಹೋಗುವ ಕೊನೆಯ ಕೆಲವು ಕಿಲೋಮೀಟರ್ ಕಲ್ಲು ಎದ್ದ ದಾರಿ. ಕಾರು ತರಬೇಡಿ, ಜೀಪಿನಲ್ಲೇ ಹೋಗಿ. ಅಂದು ಸಂಜೆ ಬೇರೇನೂ ಇಟ್ಟುಕೊಳ್ಳಬೇಡಿ. ಊಟ ಮಾಡಿ, ಚೀಲ ಕಟ್ಟಿಟ್ಟು, ಕಾಲಿನ ಉಗುರು ಕತ್ತರಿಸಿಕೊಂಡು ಬೇಗ ಮಲಗಿ. ಉಗುರಿನ ಮಾತು ಸಣ್ಣದೆನಿಸಬಹುದು. ಇಳಿಯುವಾಗ ಬೆರಳುಗಳು ನಾಲ್ಕು ಗಂಟೆ ಕಾಲ ಶೂಗಳ ಮೂತಿಗೆ ಗುದ್ದುತ್ತಿರುತ್ತವೆ.

ಎರಡನೆಯ ದಿನ: ಗಡಿಯಾರ ಹಿಡಿದು ನಡೆಯುವುದು

ಲೆಕ್ಕ ಹೀಗಿದೆ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಒಂದು ಸರಳ ಸೂತ್ರ ಹಾಕಿಕೊಟ್ಟರು: ಐದು ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ನಮ್ಮ ದಾರಿ ಒಂದು ಕಡೆಗೆ ಒಂಬತ್ತು ಹತ್ತು ಕಿಲೋಮೀಟರ್, ಏರು ಸುಮಾರು 900 ಮೀಟರ್. ಅಲ್ಲಿಗೆ ಮೂರೂವರೆ ಗಂಟೆ. ಇದು ಎಲ್ಲಿಯೂ ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಕುಟುಂಬ, ಸ್ನೇಹಿತರ ಗುಂಪು, ಒದ್ದೆ ಕಲ್ಲು, ಫೋಟೋ ಎಲ್ಲ ಸೇರಿ ಐದು ಗಂಟೆ ಇಟ್ಟುಕೊಳ್ಳಿ. ಏಳಕ್ಕೆ ಹೊರಟರೆ ಹನ್ನೆರಡಕ್ಕೆ ಮೇಲೆ, ಅರ್ಧ ಗಂಟೆ ಅಲ್ಲಿ, ನಾಲ್ಕು ಗಂಟೆ ಇಳಿಯಲು. ನಾಲ್ಕೂವರೆಗೆ ಕೆಳಗೆ. ಡಿಸೆಂಬರಿನಲ್ಲಿ ಆರಕ್ಕೇ ಕತ್ತಲಾಗುತ್ತದೆ. ಕೈಯಲ್ಲಿ ಉಳಿಯುವುದು ಒಂದೂವರೆ ಗಂಟೆ ಮಾತ್ರ; ಯಾರದಾದರೂ ಕಾಲು ಉಳುಕಿದರೆ ಅದೂ ಸಾಲದು.

ಆದ್ದರಿಂದ ನಿಯಮ: ಹನ್ನೆರಡೂವರೆಗೆ ಎಲ್ಲಿದ್ದರೂ ಅಲ್ಲಿಂದ ಹಿಂದಿರುಗಬೇಕು. ತುದಿ ಕಣ್ಣೆದುರಿಗೆ ಇದ್ದರೂ. ಇದನ್ನು ಬೆಳಿಗ್ಗೆ ಹೊರಡುವ ಮೊದಲೇ ಎಲ್ಲರೂ ಒಪ್ಪಿಕೊಂಡಿರಬೇಕು, ಮೇಲೆ ಹೋಗಿ ಚರ್ಚೆ ಮಾಡುವ ವಿಷಯವಲ್ಲ. ನಾನು ಮೊದಲ ಸಲ ಹೋದಾಗ ಕರೆದೊಯ್ದ ಪ್ರವಾಸ ಸಂಘಟಕರು ನಲವತ್ತು ಜನರನ್ನು ಸೇರಿಸಿಕೊಂಡು ಒಂಬತ್ತೂವರೆಗೆ ಹೊರಡಿಸಿದರು. ತುದಿ ತಲುಪಿದಾಗ ಮೂರು ಗಂಟೆ. ಕೊನೆಯ ಒಂದೂವರೆ ಗಂಟೆ ಕಾಡಿನ ದಾರಿಯನ್ನು ಮೊಬೈಲ್ ಬೆಳಕಿನಲ್ಲಿ, ಒಬ್ಬರ ಚೀಲ ಇನ್ನೊಬ್ಬರು ಹಿಡಿದುಕೊಂಡು ಇಳಿದೆವು. ಒಬ್ಬ ಹುಡುಗಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಎಂಟು ಗಂಟೆಯ ತಿಂಡಿಯ ಮನೆ ಬೇಡ ಎಂದದ್ದು ಅದಕ್ಕೇ.

ಹೊರಟ ಮೊದಲ ಅರ್ಧ ಗಂಟೆ ಬೇಕೆಂದೇ ನಿಧಾನವಾಗಿ ನಡೆಯಿರಿ. ಮಾತನಾಡುತ್ತಾ ನಡೆಯಲು ಆಗುತ್ತಿದ್ದರೆ ವೇಗ ಸರಿಯಾಗಿದೆ ಎಂದರ್ಥ. ಸ್ಥಳೀಯ ಮಾರ್ಗದರ್ಶಕರು ಮುಂದೆ, ಗುಂಪಿನಲ್ಲಿ ಗಟ್ಟಿಯಾದವರು ಒಬ್ಬರು ಎಲ್ಲರಿಗಿಂತ ಹಿಂದೆ. ಆ ಕೊನೆಯವರಿಗಿಂತ ಹಿಂದೆ ಯಾರೂ ಉಳಿಯುವಂತಿಲ್ಲ. ಗಂಟೆಗೆ ಐದು ನಿಮಿಷ ವಿಶ್ರಾಂತಿ ಸಾಕು. ಹೆಚ್ಚು ಕುಳಿತರೆ ಕಾಲು ಹಿಡಿದುಕೊಳ್ಳುತ್ತದೆ. ಬಾಯಾರುವ ಮೊದಲೇ ಎರಡು ಗುಟುಕು ನೀರು.

ದಾರಿ ಮೊದಲು ಕಾಡಿನಲ್ಲಿ ಹೊಕ್ಕು ಹೊರಡುತ್ತದೆ, ಸಣ್ಣ ತೊರೆಗಳನ್ನು ದಾಟಿಸುತ್ತದೆ, ಆಮೇಲೆ ಒಂಟಿಮರದ ಹತ್ತಿರ ಬಯಲಿಗೆ ಬಿಡುತ್ತದೆ. ಹೆಸರೇ ಹೇಳುವಂತೆ ಹುಲ್ಲಿನ ಏರಿನಲ್ಲಿ ಒಂದೇ ಮರ. ಅಲ್ಲಿಂದ ಮುಂದೆ ಬೆಟ್ಟದ ಏಣಿನ ಮೇಲೆ ನಡಿಗೆ. ಎದುರಿಗೆ ಕುದುರೆಯ ಮುಖದಂತೆ ಕಾಣುವ ತುದಿ ಹತ್ತಿರವಾಗುತ್ತಾ ದೂರವಾಗುತ್ತಾ ಇರುತ್ತದೆ. ಬಿಸಿಲು ನೇರ ಬೀಳುವ ಭಾಗ ಇದು, ಟೋಪಿ ಹಾಕಿಕೊಳ್ಳಿ. ಕಡವೆ, ಕಾಟಿಗಳು (ಕಾಡುಕೋಣಗಳು) ದೂರದ ಇಳಿಜಾರಿನಲ್ಲಿ ಮೇಯುವುದು ಕಾಣಬಹುದು. ಕಾಟಿ ದಾರಿಯಲ್ಲೇ ನಿಂತಿದ್ದರೆ ಸದ್ದು ಮಾಡದೆ ಹಿಂದೆ ಸರಿದು, ಅದು ಹೋಗುವವರೆಗೆ ಕಾಯಿರಿ. ಕೊನೆಯಲ್ಲಿ ಮತ್ತೊಂದು ಶೋಲಾ, ಕಡಿದಾದ ಹುಲ್ಲಿನ ಏರು, ಪಾಳುಬಿದ್ದ ಹಳೆಯ ಕಲ್ಲು ಕಟ್ಟಡ, ಆಮೇಲೆ ತುದಿ. ಪಶ್ಚಿಮಕ್ಕೆ ಬೆಟ್ಟ ಕತ್ತರಿಸಿದಂತೆ ದಕ್ಷಿಣ ಕನ್ನಡದ ಕಡೆ ಬೀಳುತ್ತದೆ. ಅಂಚಿನ ಹುಲ್ಲು ನುಣುಪು, ಕೆಳಗಿನಿಂದ ಗಾಳಿ ದೂಡುತ್ತದೆ. ಅಂಚಿನಿಂದ ನಾಲ್ಕು ಮಾರು ದೂರ ಕುಳಿತು ಬುತ್ತಿ ಬಿಚ್ಚಿ. ಮಂಜು ಬಂದು ಮುಚ್ಚಿದರೆ ಹತ್ತು ನಿಮಿಷ ಕಾಯಿರಿ, ಅದು ಸರಿದಾಗ ಕೆಳಗಿನ ಕಾಡು ಒಮ್ಮೆಲೇ ತೆರೆದುಕೊಳ್ಳುತ್ತದೆ. ತುದಿಯಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ, ಬೆಂಕಿ ಹಾಕುವಂತಿಲ್ಲ.

ಗುಡುಗು ಕೇಳಿಸಿದರೆ ಎಣಿಸಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ, ಬಯಲಿನಲ್ಲಿ ಇರಬಾರದು. ಏಣಿನಿಂದ ಪಕ್ಕಕ್ಕೆ ತಗ್ಗಿಗೆ ಇಳಿಯಿರಿ, ಒಬ್ಬರಿಗೊಬ್ಬರು ದೂರ ನಿಲ್ಲಿ. ಒಂಟಿಮರದ ಕೆಳಗೆ ಹೋಗಿ ನಿಲ್ಲುವುದು ಆಗ ಅತ್ಯಂತ ಅಪಾಯದ ಕೆಲಸ.

ತೊರೆಗಳ ವಿಷಯದಲ್ಲಿ ನನಗೆ ಪಾಠ ಹೇಳಿದವರು ಅಲ್ಲಿನ ಮಾರ್ಗದರ್ಶಕರೊಬ್ಬರು. ಎರಡನೆಯ ಸಲ ಹೋದಾಗ ಬೆಳಿಗ್ಗೆ ತೊರೆ ದಾಟುವ ಮುಂಚೆ ನೀರಿನ ನಡುವಿನ ಒಂದು ಬಿಳಿ ಕಲ್ಲನ್ನು ತೋರಿಸಿ, "ಸಾರ್, ಇದನ್ನು ನೆನಪಿಟ್ಟುಕೊಳ್ಳಿ. ಬರುವಾಗ ಇದು ಕಾಣದಿದ್ದರೆ ನಾವು ದಾಟುವುದಿಲ್ಲ" ಎಂದರು. ಒಂಟಿಮರದ ಹತ್ತಿರ ಮಳೆ ಶುರುವಾಯಿತು. ಅವರು ಅಲ್ಲಿಂದಲೇ ನಮ್ಮನ್ನು ತಿರುಗಿಸಿದರು. ತೊರೆಗೆ ಬಂದಾಗ ಬಿಳಿ ಕಲ್ಲಿನ ಮೇಲೆ ನೀರು ಒಂದು ಅಡಿ ಹರಿಯುತ್ತಿತ್ತು, ಬಣ್ಣ ಕೆಂಪಾಗಿತ್ತು. ಎರಡು ಗಂಟೆ ಕೊಪ್ಪೆ ಹೊದ್ದು ಕುಳಿತೆವು. ಮಳೆ ನಿಂತು ಕಲ್ಲಿನ ನೆತ್ತಿ ಕಂಡ ಮೇಲೆಯೇ ದಾಟಿಸಿದರು. ಬೆಟ್ಟದ ತೊರೆ ಏರುವಷ್ಟೇ ಬೇಗ ಇಳಿಯುತ್ತದೆ. ಮಂಡಿ ಮೀರಿದ ಹರಿವನ್ನು ಯಾರು ಕೈಹಿಡಿದರೂ ದಾಟಬೇಡಿ. ನೀವೂ ಒಂದು ಕಲ್ಲನ್ನು ಗುರುತು ಮಾಡಿಕೊಳ್ಳಿ.

ಇಳಿಯಲು ಹೊರಡುವಾಗ ಶೂ ದಾರ ಬಿಚ್ಚಿ, ಹಿಮ್ಮಡಿ ಹಿಂದಕ್ಕೆ ಕೂರಿಸಿ, ಮೇಲಿನ ಎರಡು ತೂತುಗಳ ಹತ್ತಿರ ಬಿಗಿಯಾಗಿ ಕಟ್ಟಿ. ಹೆಜ್ಜೆ ಚಿಕ್ಕದಾಗಿರಲಿ, ಕೋಲು ಮೊದಲು, ಕಾಲು ಆಮೇಲೆ. ಓಡಬೇಡಿ. ಬೀಳುವವರು ಹೆಚ್ಚಾಗಿ ಬೀಳುವುದು ಕಷ್ಟದ ಜಾಗದಲ್ಲಿ ಅಲ್ಲ, ಮನೆಯ ಹೆಂಚು ಕಂಡ ಮೇಲೆ.

ಮನೆ ತಲುಪಿದಾಗ ಬಚ್ಚಲ ಒಲೆಯಲ್ಲಿ ಕಟ್ಟಿಗೆ ಉರಿಯುತ್ತಿರುತ್ತದೆ, ಹಂಡೆಯಲ್ಲಿ ನೀರು ಕಾದಿರುತ್ತದೆ. ಮೊದಲು ಹೊರಗೆ ಅಡಿಕೆ ಮರದ ದಂಬೆಯಲ್ಲಿ ಬೀಳುವ ಅಬ್ಬಿ ನೀರಿಗೆ ಹತ್ತು ನಿಮಿಷ ಮಂಡಿ ಪಾದ ಒಡ್ಡಿ, ಆಮೇಲೆ ಬಿಸಿನೀರಿನ ಸ್ನಾನ ಮಾಡಿ. ಊಟಕ್ಕೆ ಕಡುಬು ಇದ್ದರೆ ನಿಮ್ಮ ಪುಣ್ಯ.

ಮೂರನೆಯ ದಿನ ಮತ್ತು ಅದರ ನಂತರ

ಮರುದಿನ ಏನೂ ಮಾಡದೆ ಮಲಗಿದರೆ ಕಾಲು ಮರವಾಗುತ್ತದೆ. ನಿಧಾನಕ್ಕೆ ಒಂದು ಗಂಟೆ ನಡೆಯಿರಿ. ಕಳಸದ ಕಲಶೇಶ್ವರ ದೇವಸ್ಥಾನಕ್ಕೆ ಹೋಗಬಹುದು, ಮೆಟ್ಟಿಲು ಇಳಿಯುವಾಗ ತೊಡೆಯ ನೋವು ಅರಿವಾಗುತ್ತದೆ. ಹತ್ತಿರದ ಅಂಬಾತೀರ್ಥದಲ್ಲಿ ಭದ್ರೆ ಬಂಡೆಗಳ ನಡುವೆ ಕೊರೆದುಕೊಂಡು ಹರಿಯುವುದನ್ನು, ಮಧ್ವಾಚಾರ್ಯರು ಒಂದೇ ಕೈಯಲ್ಲಿ ತಂದಿಟ್ಟರೆಂದು ಹೇಳುವ ಕಲ್ಲನ್ನು ನೋಡಬಹುದು. ದಂಡೆಯಲ್ಲಿ ಕುಳಿತು ನೋಡಿ, ನೀರಿಗೆ ಇಳಿಯಬೇಡಿ; ಸುಳಿಗಳಿವೆ. ಹೊರನಾಡಿಗೆ ಹೋಗುವವರು ಮಳೆಗಾಲವಾದರೆ ಹೆಬ್ಬಾಳೆ ಸೇತುವೆ ಮುಳುಗಿದೆಯೇ ಎಂದು ಕೇಳಿಕೊಂಡು ಹೊರಡಿ. ಇಷ್ಟು ಸಾಕು. ಪಟ್ಟಿಗೆ ಇನ್ನೊಂದು ಜಲಪಾತ ಸೇರಿಸಬೇಡಿ.

ಊರಿಗೆ ಬಂದ ಮೇಲೆ ಎರಡು ಕೆಲಸ ಉಳಿದಿರುತ್ತವೆ. ಶೂಗಳನ್ನು ತೊಳೆದು, ಒಳಗೆ ಹಳೆಯ ವೃತ್ತಪತ್ರಿಕೆ ತುರುಕಿ ನೆರಳಿನಲ್ಲಿ ಒಣಗಿಸಿ, ಕಾಗದ ಒದ್ದೆಯಾದಂತೆ ಬದಲಿಸುತ್ತಿರಿ. ಬಿಸಿಲಿಗಿಟ್ಟರೆ ತಳದ ಅಂಟು ಬಿಡುತ್ತದೆ. ಇನ್ನೊಂದು ಮುಖ್ಯ. ಕಾಡಿನಲ್ಲಿ ಇಂಬಳಕ್ಕಿಂತ ನಾನು ಹೆಚ್ಚು ಹೆದರುವುದು ಉಣುಗಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಂಡ ಮಂಗನ ಕಾಯಿಲೆ ಹರಡುವುದು ಅದರಿಂದಲೇ, ಚಿಕ್ಕಮಗಳೂರು ಜಿಲ್ಲೆಯಲ್ಲೂ ಪ್ರಕರಣಗಳು ಕಂಡಿವೆ. ಮಳೆ ನಿಂತು ಕಾಡು ಒಣಗತೊಡಗಿದ ಮೇಲೆ, ಡಿಸೆಂಬರಿನಿಂದ ಬೇಸಿಗೆಯವರೆಗೆ, ಇದರ ಕಾಟ ಹೆಚ್ಚು. ಆ ಕಾಲದಲ್ಲಿ ಹೋಗುವವರು ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲದ ಬಗ್ಗೆ ಹೋಂಸ್ಟೇಯವರನ್ನು ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ. ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ಬೆರಳಾಡಿಸಿ ನೋಡಿ, ಹಾಕಿಕೊಂಡಿದ್ದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಒಂದೆರಡು ವಾರದೊಳಗೆ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ವೈದ್ಯರ ಹತ್ತಿರ ಹೋಗಿ, ಯಾವ ಕಾಡಿನಲ್ಲಿ ಯಾವ ದಿನ ನಡೆದಿರಿ ಎಂಬುದನ್ನು ಮೊದಲು ಹೇಳಿ.